ಬಯಲಲ್ಲಿ ವಿಮಾನವನ್ನು ಗೂಟಕ್ಕೆ ಕಟ್ಟುವ ಮೊದಲು ನಾನು ನೋಡುವುದು ಮಣ್ಣನ್ನು

ನನ್ನದು ಎರಡು ಸೀಟಿನ ಪುಟ್ಟ ವಿಮಾನ. ರೆಕ್ಕೆ ಮೇಲ್ಗಡೆ, ಮೂರನೇ ಚಕ್ರ ಬಾಲದ ಕೆಳಗೆ. ಹುಲ್ಲಿನ ರನ್‌ವೇ ಇರುವ ಕಡೆ ಇಳಿದು, ರಾತ್ರಿ ಅಲ್ಲೇ ಟೆಂಟ್ ಹಾಕಿ ಉಳಿಯುವುದು ನನಗೆ ತುಂಬಾ ಇಷ್ಟ. ಅಂಥ ಜಾಗಗಳಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರ್ ಶೆಡ್ ಇರುವುದಿಲ್ಲ. ನೆಲದಲ್ಲಿ ಕಾಂಕ್ರೀಟ್ ಹಾಕಿ ಕೂರಿಸಿದ ಕೊಂಡಿಗಳೂ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಗಾಳಿಗೆ ವಿಮಾನ ಎದ್ದು ಹೋಗದಂತೆ ನೆಲಕ್ಕೆ ಕಟ್ಟಲು ಗೂಟ, ಹಗ್ಗ, ಸುತ್ತಿಗೆ ಎಲ್ಲವೂ ನನ್ನ ಜೊತೆಯಲ್ಲೇ ಹಾರುತ್ತವೆ. ಅವುಗಳ ತೂಕಕ್ಕೆ ಬದಲಾಗಿ ಬೇರೆ ಏನನ್ನು ಬೇಕಾದರೂ ಬಿಟ್ಟು ಹೋಗುತ್ತೇನೆ.

ಎಷ್ಟು ಗಟ್ಟಿಯಾಗಿ ಕಟ್ಟಬೇಕು? ಇದಕ್ಕೆ ಅಂದಾಜಿನ ಮೇಲೆ ಉತ್ತರ ಕೊಡುವವರೇ ಜಾಸ್ತಿ. ಒಂದು ಲೆಕ್ಕ ಹಾಕಿ ನೋಡೋಣ. ಎಲ್ಲರಿಗೂ ಗೊತ್ತಿರುವ ಪೈಪರ್ ಜೆ-3 ಕಬ್ ತೆಗೆದುಕೊಳ್ಳಿ. ಖಾಲಿ ಇದ್ದಾಗ ಅದರ ತೂಕ ಸುಮಾರು 345 ಕೆಜಿ. ತುಂಬಿದಾಗ ಗರಿಷ್ಠ 553 ಕೆಜಿ. ಆ ಪೂರ್ತಿ ತೂಕವನ್ನು ಅದರ ರೆಕ್ಕೆ ಗಂಟೆಗೆ ಸುಮಾರು 61 ಕಿಮೀ ವೇಗದ ತನಕ ಎತ್ತಿ ಹಿಡಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಸ್ಟಾಲ್, ಅಂದರೆ ರೆಕ್ಕೆಗೆ ಆ ತೂಕ ಹೊರಲು ಆಗುವುದಿಲ್ಲ. ರೆಕ್ಕೆಗೆ ಬೇಕಿರುವುದು ಗಾಳಿ, ಅಷ್ಟೇ. ವಿಮಾನ ಓಡಿದರೂ ಸರಿ, ನಿಂತಲ್ಲಿಗೇ ಗಾಳಿ ಬಂದರೂ ಸರಿ. ಬಾಲದ ಚಕ್ರದ ವಿಮಾನ ನೆಲದ ಮೇಲೆ ಮೂಗೆತ್ತಿಕೊಂಡೇ ನಿಲ್ಲುತ್ತದೆ. ಅಂದರೆ ರೆಕ್ಕೆ ಹೆಚ್ಚುಕಡಿಮೆ ಅತಿ ಹೆಚ್ಚು ಎತ್ತುವ ಕೋನದಲ್ಲೇ ಇರುತ್ತದೆ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗೆ ನೋಡಿದರೆ ಖಾಲಿ ಕಬ್‌ನ ತೂಕವನ್ನು ಸರಿದೂಗಿಸಲು ಎದುರಿನಿಂದ 48 ಕಿಮೀ ಗಾಳಿ ಸಾಕು. 80 ಕಿಮೀ ಗಾಳಿಯಲ್ಲಿ ರೆಕ್ಕೆ ಸುಮಾರು 950 ಕೆಜಿ ಎತ್ತಬಲ್ಲದು. ಅದರಲ್ಲಿ ವಿಮಾನದ ತೂಕ ಕಳೆದರೆ ಉಳಿದ 600 ಕೆಜಿಯನ್ನು ಹಗ್ಗಗಳೇ ಹಿಡಿಯಬೇಕು. ಗಾಳಿ 100 ಕಿಮೀಗೆ ಏರಿದರೆ ಆ 600 ಕೆಜಿ 1,100 ದಾಟುತ್ತದೆ.

ಈ ಎಳೆತ ಎರಡೂ ರೆಕ್ಕೆಗೆ ಸಮನಾಗಿ ಹಂಚಿಹೋಗುತ್ತದೆ ಅಂದುಕೊಳ್ಳಬೇಡಿ. ಬಿರುಗಾಳಿ ಓರೆಯಾಗಿ ಬರುತ್ತದೆ, ಒಂದು ರೆಕ್ಕೆಯನ್ನೇ ಮೊದಲು ಎತ್ತುತ್ತದೆ. ಅದಕ್ಕೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ 1983ರ ಸಲಹಾ ಸುತ್ತೋಲೆಯಲ್ಲಿ ಒಂದೇ ಎಂಜಿನ್ನಿನ ವಿಮಾನಕ್ಕೂ ಪ್ರತಿ ಗೂಟ ಸುಮಾರು 3,000 ಪೌಂಡ್, ಅಂದರೆ 1,360 ಕೆಜಿ ಎಳೆತ ತಾಳಬೇಕು ಎಂದು ಹೇಳಿದೆ. ಜಾಸ್ತಿಯಾಯಿತು ಅನ್ನಿಸುತ್ತದೆ, ಅಲ್ವಾ? ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ, ಜಾಸ್ತಿ ಅಲ್ಲ. 2011ರ ಮಾರ್ಚ್ 31ರಂದು ಫ್ಲೋರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಸನ್ ಎನ್ ಫನ್ ವಿಮಾನ ಮೇಳ ನಡೆಯುತ್ತಿದ್ದಾಗ ಬಿರುಗಾಳಿ ಬಂತು. ಹೊರಗೆ ನಿಂತಿದ್ದ ಹತ್ತಾರು ವಿಮಾನಗಳು ಜಖಂ ಆದವು. ಕೆಲವು ಮಗುಚಿ ಬಿದ್ದವು.

ಈಗ ಮಣ್ಣಿನ ವಿಷಯ. ಅಂಗಡಿಯಲ್ಲಿ ನಾವು ಗೂಟದ ಉಕ್ಕು ಎಷ್ಟು ದಪ್ಪ ಅಂತ ನೋಡುತ್ತೇವೆ. ಆದರೆ ಗೂಟ ಮುರಿದು ಹೋಗುವುದು ಅಪರೂಪ. ಸೋಲುವುದು ಮಣ್ಣು. ಚೆನ್ನಾಗಿ ಕಚ್ಚಿಕೊಂಡ ಗೂಟ ಮೇಲಕ್ಕೆ ಬರಬೇಕಾದರೆ ತನ್ನ ಸುತ್ತಲಿನ ಮಣ್ಣಿನ ಒಂದು ಶಂಕುವನ್ನು ಎತ್ತಿಕೊಂಡು ಬರಬೇಕು. ತುದಿ ಕೆಳಗೆ, ಅಗಲ ಮೇಲೆ. ಆಳ 40 ಸೆಂಮೀ, ಮೇಲಿನ ತ್ರಿಜ್ಯವೂ ಅಷ್ಟೇ ಎಂದಿಟ್ಟುಕೊಂಡರೆ ಆ ಮಣ್ಣಿನ ತೂಕ ಸುಮಾರು 115 ಕೆಜಿ. ಆಳ 80 ಸೆಂಮೀ ಆದರೆ 900 ಕೆಜಿ ಮೀರುತ್ತದೆ. ಆಳ ಎರಡು ಪಟ್ಟು, ಮಣ್ಣು ಎಂಟು ಪಟ್ಟು. ಮಣ್ಣಿನ ಅಂಟು, ಒಳಗಿನ ಘರ್ಷಣೆ ಇದರ ಮೇಲೆ ಸೇರುತ್ತವೆ, ನಿಜ. ಆದರೆ ಅವೆರಡೂ ಮಳೆ ಬಂದ ತಕ್ಷಣ ಬದಲಾಗುವಂಥವು. ಬಿರುಗಾಳಿ ಬರುವುದೂ ಬಹುತೇಕ ಮಳೆಯ ಜೊತೆಯಲ್ಲೇ. ಹಾಗಾಗಿ ನಾನು ಆಳವನ್ನು ಮಾತ್ರ ನಂಬುತ್ತೇನೆ.

ನೇರವಾಗಿ ಬಡಿದ ಒಂಟಿ ಗೂಟಕ್ಕೆ ಈ ಶಂಕು ಸಿಗುವುದೇ ಇಲ್ಲ. ಅದು ಸುಮ್ನೆ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ನಾಯಿ ಕಟ್ಟಲು ಮಾರುವ ತಿರುಪಿನ ಸರಳು ಕೂಡ ನನಗೆ ಸರಿ ಬರಲಿಲ್ಲ. ಅದರ ಸುರುಳಿ ಕಿರಿದು, ಆಳ ಕಡಿಮೆ, ಜೋರಾಗಿ ಎಳೆದರೆ ಕಂಬಿಯೇ ಬಿಚ್ಚಿಕೊಳ್ಳುತ್ತದೆ. ತುದಿಯಲ್ಲಿ ಅಗಲವಾದ ತಿರುಗು ತಟ್ಟೆ ಇರುವ ಉದ್ದನೆಯ ಆಗರ್ ತುಂಬಾ ಒಳ್ಳೆಯದು. ಮೆತ್ತನೆಯ ಮಣ್ಣಿನಲ್ಲಿ, ಮರಳಿನಲ್ಲಿ ನಾನು ಅದನ್ನೇ ಬಳಸುತ್ತೇನೆ. ಆದರೆ ಗಟ್ಟಿ ನೆಲದಲ್ಲಿ ಅದನ್ನು ತಿರುಗಿಸಿ ಇಳಿಸುವುದು ಕಷ್ಟ. ಒಂದು ಕಲ್ಲು ಅಡ್ಡ ಸಿಕ್ಕಿದರೆ ಅಲ್ಲಿಗೆ ಮುಗಿಯಿತು.

ಗಟ್ಟಿ ನೆಲಕ್ಕೆ ನಾನು ಒಯ್ಯುವುದು ಮೂರು ಸರಳಿನ ಗೂಟ. ಒಂದು ಉಕ್ಕಿನ ತಟ್ಟೆ, ಅದರಲ್ಲಿ ಓರೆಯಾಗಿ ಕೊರೆದ ಮೂರು ತೂತು, ಮಧ್ಯೆ ಹಗ್ಗಕ್ಕೆ ಕೊಂಡಿ. ಪ್ರತಿ ತೂತಿನಲ್ಲೂ ಒಂದು ಸರಳು ಬೇರೆ ಬೇರೆ ದಿಕ್ಕಿಗೆ ಹರಡಿಕೊಂಡು ನೆಲಕ್ಕಿಳಿಯುತ್ತದೆ. ಕೊಂಡಿಯನ್ನು ಎಳೆದಾಗ ಮೂರೂ ಒಂದೇ ದಾರಿಯಲ್ಲಿ ಬರಲಾರವು. ನಡುವಿನ ಮಣ್ಣನ್ನು ಸೀಳಿಕೊಂಡೇ ಬರಬೇಕು. ಇದರ ಜೊತೆ ಮಾರುವ ಗಿಡ್ಡ ಸರಳುಗಳ ಬದಲು ಉದ್ದನೆಯವನ್ನು ಹಾಕಿಕೊಂಡಿದ್ದೇನೆ. ಮೇಲೆ ಹೇಳಿದ ಎಂಟು ಪಟ್ಟಿನ ಲೆಕ್ಕವೇ ಇದಕ್ಕೆ ಕಾರಣ.

ಎಳೆದು ನೋಡದೆ ಯಾವ ಗೂಟವನ್ನೂ ನಾನು ಒಪ್ಪುವುದಿಲ್ಲ. ಪರೀಕ್ಷೆ ಸರಳವಾಗಿದೆ. ಮೂರು ಮೀಟರ್ ಉದ್ದದ ದಪ್ಪ ಉಕ್ಕಿನ ಪೈಪ್, ಒಂದು ಗಟ್ಟಿ ಮರದ ದಿಮ್ಮಿ, ಒಂದು ತೂಗು ತಕ್ಕಡಿ. ಪೈಪಿನ ಒಂದು ತುದಿಯನ್ನು ತಕ್ಕಡಿಯ ಮೂಲಕ ಗೂಟಕ್ಕೆ ಕಟ್ಟಬೇಕು. ದಿಮ್ಮಿಯನ್ನು ಅಲ್ಲಿಂದ 60 ಸೆಂಮೀ ದೂರದಲ್ಲಿ ಪೈಪಿನ ಕೆಳಗೆ ಇಡಬೇಕು. ಆಗ ಆ ಕಡೆಯ ತುದಿಯನ್ನು ಅದುಮಿದಷ್ಟಕ್ಕೆ ನಾಲ್ಕು ಪಟ್ಟು ಬಲ ಗೂಟದ ಮೇಲೆ ಬೀಳುತ್ತದೆ. 70 ಕೆಜಿಯ ಒಬ್ಬರು ಭಾರ ಬಿಟ್ಟರೆ 280 ಕೆಜಿ, ಇಬ್ಬರು ಬಿಟ್ಟರೆ 560. ದಿಮ್ಮಿ ಗೂಟದ ಪಕ್ಕದಲ್ಲೇ ಇದ್ದರೆ ಪರೀಕ್ಷೆ ಕೆಡುತ್ತದೆ. ಯಾವ ಮಣ್ಣು ಮೇಲೇಳಬೇಕೋ ಅದನ್ನೇ ದಿಮ್ಮಿ ಅದುಮಿ ಹಿಡಿದಿರುತ್ತದೆ, ತಕ್ಕಡಿ ಸುಳ್ಳು ಹೇಳುತ್ತದೆ. ಗೂಟದ ನೇರಕ್ಕೆ ಯಾರೂ ಮುಖ ಬಗ್ಗಿಸಬಾರದು. ಕಿತ್ತು ಬಂದರೆ ಅದು ಜೋರಾಗಿ ಹಾರುತ್ತದೆ.

ಹೀಗೆ ಬೇರೆ ಬೇರೆ ನೆಲದಲ್ಲಿ ಎಳೆದು ನೋಡಿದ್ದೇನೆ. ಒಣಗಿದ ಗಟ್ಟಿ ಜೇಡಿಯಲ್ಲಿ ಮೂರು ಸರಳಿನ ಗೂಟ ಇಬ್ಬರ ಭಾರಕ್ಕೂ ಅಲ್ಲಾಡಲಿಲ್ಲ. ಅದೇ ಜಾಗಕ್ಕೆ ನೀರು ಬಿಟ್ಟು ಒಂದು ರಾತ್ರಿ ನೆನೆಸಿದ ಮೇಲೆ ನಿಧಾನವಾಗಿ ಎದ್ದು ಬಂತು. ಸಡಿಲ ಮರಳಿನಲ್ಲಿ ಒಬ್ಬರ ಭಾರವೂ ಜಾಸ್ತಿಯಾಯಿತು, ಆಗರ್ ಮಾತ್ರ ತಡೆಯಿತು. ಇನ್ನೊಂದು ವಿಷಯ ಕಂಡಿತು. ಒಮ್ಮೆ ಜೋರಾಗಿ ಎಳೆದಾಗ ತಾಳಿಕೊಂಡ ಗೂಟ, ಅದಕ್ಕಿಂತ ಕಡಿಮೆ ಬಲದಲ್ಲಿ ಮತ್ತೆ ಮತ್ತೆ ಜಗ್ಗಿದಾಗ ಅಲ್ಲಾಡುವ ಹಲ್ಲಿನ ಹಾಗೆ ಸಡಿಲವಾಗುತ್ತಾ ಹೋಗುತ್ತದೆ. ಗಾಳಿ ಮಾಡುವುದೂ ಇದನ್ನೇ. ಹಾಗಾಗಿ ಅನುಮಾನ ಬಂದ ಕಡೆ ಪ್ರತಿ ರೆಕ್ಕೆಗೆ ಎರಡು ಗೂಟ ಹೊಡೆಯುತ್ತೇನೆ. ಎರಡರ ನಡುವೆ ಆಳದ ಎರಡು ಪಟ್ಟಾದರೂ ಅಂತರ ಬಿಡುತ್ತೇನೆ. ಹತ್ತಿರ ಹತ್ತಿರ ಹೊಡೆದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಲಾಭವಿಲ್ಲ.

ಪರ ಊರಿಗೆ ಪೈಪ್ ಒಯ್ಯಲು ಆಗುವುದಿಲ್ಲ. ಅಲ್ಲಿ ಸುತ್ತಿಗೆಯ ಏಟೇ ಅಳತೆ. ಸರಳು ಕೊನೆಯ ತನಕ ಏಟು ಬೇಡಿದರೆ ಸಮಾಧಾನ. ಕೈಯಲ್ಲಿ ಒತ್ತಿದರೇ ಇಳಿದರೆ ಆ ಜಾಗ ಬೇಡ. ತಗ್ಗಿನಲ್ಲಿ, ನೀರು ನಿಲ್ಲುವ ಕಡೆ ವಿಮಾನ ನಿಲ್ಲಿಸುವುದಿಲ್ಲ. ಬೇರು ಚೆನ್ನಾಗಿ ಹಬ್ಬಿದ ಹಳೆಯ ಹುಲ್ಲು ಸಿಕ್ಕಿದರೆ ಬಿಡುವುದಿಲ್ಲ. ಬೇರುಗಳು ಮೇಲಿನ ಮಣ್ಣನ್ನು ಹೆಣೆದು ಹಿಡಿದಿರುತ್ತವೆ.

ಹಗ್ಗ ನನ್ನದು 10 ಮಿಮೀ ಪಾಲಿಯೆಸ್ಟರ್. ಅದರ ಲೇಬಲ್ ಮೇಲೆ 2 ಟನ್‌ಗಿಂತ ಜಾಸ್ತಿ ಎಂದಿದೆ. ಆದರೆ ಗಂಟು ಬಿದ್ದ ಕಡೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬಲ ಕಡಿಮೆಯಾಗುತ್ತದೆ ಎಂದು ಹಿಡಿದೇ ಲೆಕ್ಕ ಹಾಕಬೇಕು. ನೈಲಾನ್ ಕೂಡ ಗಟ್ಟಿ, ಆದರೆ ಜಾಸ್ತಿ ಹಿಗ್ಗುತ್ತದೆ. ಮನಿಲಾ ನಾರಿನ ಹಗ್ಗ ನೆನೆದರೆ ಕುಗ್ಗಿ ರೆಕ್ಕೆಯನ್ನು ಕೆಳಕ್ಕೆ ಎಳೆಯುತ್ತದೆ. ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಗಂಟೂ ಜಾರುತ್ತದೆ. ಹಿಡಿ ಆಡಿಸಿ ಬಿಗಿ ಮಾಡುವ ರಾಚೆಟ್ ಪಟ್ಟಿ ನನಗೆ ಇಷ್ಟವಿಲ್ಲ. ಬಿಗಿ ಮಾಡುವಾಗ ಎಷ್ಟು ಬಲ ಹಾಕುತ್ತಿದ್ದೇವೆ ಅಂತ ಕೈಗೆ ತಿಳಿಯುವುದಿಲ್ಲ, ಸ್ವಲ್ಪ ಸಡಿಲವಾದರೆ ಕೊಕ್ಕೆ ಕಳಚಿಕೊಳ್ಳಬಹುದು.

ಹಗ್ಗವನ್ನು ರೆಕ್ಕೆಯ ಕೆಳಗೆ ಇದಕ್ಕಂತಲೇ ಕೊಟ್ಟಿರುವ ಬಳೆಗೆ, ಎಳೆದರೂ ಜಾರದ ಬೋಲೈನ್ ಗಂಟಿನಿಂದ ಕಟ್ಟುತ್ತೇನೆ. ರೆಕ್ಕೆಗೆ ಆಸರೆ ಕೊಡುವ ಓರೆ ಕೋಲಿನ, ಅಂದರೆ ಸ್ಟ್ರಟ್‌ನ ನಡುವಿಗೆ ಎಂದೂ ಕಟ್ಟುವುದಿಲ್ಲ, ಅದು ಬಾಗುತ್ತದೆ. ರೆಕ್ಕೆಯ ಹಗ್ಗಗಳು ಸ್ವಲ್ಪ ಹೊರಕ್ಕೆ, ಸ್ವಲ್ಪ ಮುಂದಕ್ಕೆ ವಾಲಿರಬೇಕು. ಬಾಲದ ಹಗ್ಗ ಹಿಂದಕ್ಕೆ. ಆಗ ವಿಮಾನ ಯಾವ ಕಡೆಗೂ ಸರಿಯುವುದಿಲ್ಲ. ಓರೆ ಜಾಸ್ತಿಯಾದರೆ ಹಗ್ಗದ ಮೇಲಿನ ಎಳೆತವೂ ಜಾಸ್ತಿ. ನೆಟ್ಟಗೆ ಇಳಿಬಿಟ್ಟ ಹಗ್ಗದಿಂದ 45 ಡಿಗ್ರಿ ಓರೆಯಾದರೆ ಅದು 1.4 ಪಟ್ಟು. ನಾನು 30 ಡಿಗ್ರಿ ಹತ್ತಿರ ನಿಲ್ಲಿಸುತ್ತೇನೆ. ಹಗ್ಗ ವೀಣೆಯ ತಂತಿಯಷ್ಟು ಬಿಗಿ ಬೇಡ. ರೆಕ್ಕೆ ಒಂದು ಇಂಚಿನಷ್ಟು ಅಲ್ಲಾಡಲು ಜಾಗವಿದ್ದರೆ ಸಾಕು. ಅದಕ್ಕಿಂತ ಸಡಿಲವಾದರೆ ಪ್ರತಿ ಗಾಳಿಗೂ ವಿಮಾನ ಎದ್ದು ಜಗ್ಗುತ್ತದೆ. ಆ ಜಗ್ಗಾಟವೇ ಗೂಟ ಕೀಳುವುದು.

ಇನ್ನು ವಿಮಾನದ ಕಡೆಯ ಕೆಲಸ. ಮೂಗನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸುತ್ತೇನೆ. ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸುವ ಫ್ಲಾಪ್‌ಗಳನ್ನು ಮೇಲಕ್ಕೆ ಎತ್ತಿಡುತ್ತೇನೆ. ಬಾಲ ನೆಲಕ್ಕೆ ಒತ್ತಿಕೊಂಡಿರಲಿ ಅಂತ ವಿಮಾನ ನಡೆಸುವ ಹಿಡಿಕೋಲು, ಅಂದರೆ ಸ್ಟಿಕ್ಕನ್ನು ಹಿಂದಕ್ಕೆಳೆದು ಸೀಟ್ ಬೆಲ್ಟಿನಲ್ಲಿ ಬಿಗಿಯುತ್ತೇನೆ. ರೆಕ್ಕೆಯ ತುದಿಯ ಕಡೆ ಅಲುಗಾಡುವ ಹಲಗೆಗಳಾದ ಏಲೆರಾನ್, ಬಾಲದ ಚುಕ್ಕಾಣಿಯಾದ ರಡ್ಡರ್‌ಗೆ ಹೊರಗಿನಿಂದ ಲಾಕ್. ಚಕ್ರಗಳ ಎರಡೂ ಕಡೆ ಅಡ್ಡಗಟ್ಟೆ. ಜೋರು ಗಾಳಿಯ ಮುನ್ಸೂಚನೆ ಇದ್ದರೆ ಮುಂದಿನ ಎರಡೂ ಚಕ್ರಗಳಿಗೆ ನೆಲದಲ್ಲಿ ಗುಂಡಿ ತೋಡಿ ಇಳಿಸುತ್ತೇನೆ. ಮೂಗು ತಗ್ಗುತ್ತದೆ, ರೆಕ್ಕೆಯ ಕೋನ ಕಡಿಮೆಯಾಗುತ್ತದೆ, ಎತ್ತುವ ಬಲವೇ ಇಳಿಯುತ್ತದೆ. ಕಷ್ಟಪಟ್ಟು ಇನ್ನೊಂದು ಗೂಟ ಹೊಡೆಯುವುದಕ್ಕಿಂತ ಇದು ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ. ಜಾಗದ ಮಾಲೀಕರನ್ನು ಮಾತ್ರ ಮೊದಲು ಕೇಳಬೇಕು. ಕೆಲವರು ರೆಕ್ಕೆಯ ಮೇಲೆ ಉದ್ದಕ್ಕೂ ಮರದ ಪಟ್ಟಿ ಕಟ್ಟಿ ಗಾಳಿಯ ಹರಿವನ್ನು ಒಡೆಯುತ್ತಾರೆ. ಅದೂ ಒಳ್ಳೆಯ ಉಪಾಯವೇ. ನನ್ನದು ಬಟ್ಟೆ ಹೊದಿಸಿದ ರೆಕ್ಕೆ, ತಿಕ್ಕಾಟದ ಭಯಕ್ಕೆ ನಾನು ಮಾಡುವುದಿಲ್ಲ.

ಮಳೆ ಬಂದು ನಿಂತ ಮೇಲೆ ಒಂದು ಸುತ್ತು ಹೋಗಿ ಪ್ರತಿ ಗೂಟದ ಮೇಲೆ ಕಾಲಿಟ್ಟು ನೋಡುತ್ತೇನೆ. ತಟ್ಟೆಯ ಕೆಳಗೆ ಬೆರಳು ತೂರುವಷ್ಟು ಸಂದು ಕಂಡರೆ ಅದು ಎದ್ದು ಬರಲು ಶುರುವಾಗಿದೆ ಎಂದೇ ಅರ್ಥ. ಅದೇ ತೂತಿಗೆ ಮತ್ತೆ ಬಡಿಯುವುದಿಲ್ಲ, ಅಲ್ಲಿನ ಮಣ್ಣು ಆಗಲೇ ಕಲಕಿ ಹೋಗಿರುತ್ತದೆ. ಮೊದಲು ಪಕ್ಕದ ಹೊಸ ನೆಲದಲ್ಲಿ ಇನ್ನೊಂದನ್ನು ಹೊಡೆದು, ಹಗ್ಗ ಅದಕ್ಕೆ ಬದಲಾಯಿಸಿ, ಆಮೇಲೆ ಹಳೆಯದನ್ನು ಬಿಚ್ಚುತ್ತೇನೆ.

ಬೆಳಿಗ್ಗೆ ಹೊರಡುವಾಗ ಸರಳುಗಳನ್ನು ಪೈಪ್ ರೆಂಚಿನಿಂದ ಒಂದು ಸುತ್ತು ತಿರುಗಿಸಿದರೆ ಮಣ್ಣಿನ ಹಿಡಿತ ಬಿಡುತ್ತದೆ, ಆಮೇಲೆ ಕೈಯಲ್ಲೇ ಬರುತ್ತವೆ. ಎಲ್ಲವನ್ನೂ ಎಣಿಸಿ ಚೀಲಕ್ಕೆ ಹಾಕುತ್ತೇನೆ. ಹುಲ್ಲಿನಲ್ಲಿ ಉಳಿದ ಒಂದು ಸರಳು ಇನ್ನೊಬ್ಬರ ಟೈರನ್ನೋ ಪ್ರೊಪೆಲ್ಲರನ್ನೋ ಹಾಳು ಮಾಡಬಹುದು. ತೂತುಗಳಿಗೆ, ಚಕ್ರದ ಗುಂಡಿಗಳಿಗೆ ಮಣ್ಣು ತುಂಬಿ ಕಾಲಲ್ಲಿ ಒದ್ದು ಗಟ್ಟಿ ಮಾಡಿದ ಮೇಲೆಯೇ ಎಂಜಿನ್ ಶುರು ಮಾಡುತ್ತೇನೆ.