ಮಾಸ್ತರರ ವಾಚು, ರಾತ್ರಿ ಹನ್ನೆರಡರ ತಾರೀಖು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ವಾಚ್ ರಿಪೇರಿ ಅಂಗಡಿ. ಒಂದು ಟೇಬಲ್ಲು, ಲೈಟು, ಕಣ್ಣಿಗೆ ಐಗ್ಲಾಸು ಅನ್ನೋ ಭೂತಗನ್ನಡಿ, ನಾಲ್ಕಾರು ಚಿಮಟ. ಮೇ ತಿಂಗಳ ಬಿಸಿಲಲ್ಲೂ ಕೆಲಸ ಮಾಡುವಾಗ ಫ್ಯಾನು ಹಾಕುವಂತಿಲ್ಲ, ಸಣ್ಣ ಸ್ಪ್ರಿಂಗು ಹಾರಿದರೆ ಮತ್ತೆ ಸಿಗುವುದಿಲ್ಲ. ಅಂಥ ಒಂದು ಮಧ್ಯಾಹ್ನ ರಿಟೈರ್ ಆದ ಮಾಸ್ತರರೊಬ್ಬರು ಬಂದು, ಕೈಯಿಂದ ಎಚ್‌ಎಂಟಿ ಆಟೋಮ್ಯಾಟಿಕ್ ಬಿಚ್ಚಿ ಟೇಬಲ್ ಮೇಲಿಟ್ಟರು.

“ತಮ್ಮಾ, ಟೈಮ್ ಬರೋಬ್ಬರಿ ತೋರಸ್ತದ. ಆದ್ರ ತಾರೀಖು ಹನ್ನೆರಡೂ ಇಪ್ಪತ್ತೈದಕ್ಕ ಬದಲಾಗ್ತದ. ಏನ್ ಕೆಟ್ಟದ ನೋಡು.”

“ಏನೂ ಕೆಟ್ಟಿಲ್ಲರಿ ಸರ್ರ,” ಅಂದೆ. ಅವರು ಒಪ್ಪಲಿಲ್ಲ. ಹಾಗಾದರೆ ಇಲ್ಲೇ ಕೂತು ನೋಡಿರಿ ಅಂತ ಮುಳ್ಳು ತೆಗೆದು ಡಯಲ್ ಬಿಚ್ಚಿ, ಇನ್ನೊಂದು ಐಗ್ಲಾಸು ಅವರ ಕೈಗೆ ಕೊಟ್ಟೆ.

ಡಯಲ್ ಕೆಳಗೆ ಅಂಚಿನ ಸುತ್ತ ಒಂದು ರಿಂಗ್ ಇರುತ್ತದೆ. ಅದರ ಮೇಲೆ 1ರಿಂದ 31ರವರೆಗೆ ಅಂಕಿ, ಒಳಬದಿಗೆ 31 ಹಲ್ಲು. ಗಂಟೆಯ ಮುಳ್ಳು ಕೂರುವ ಚಕ್ರ ದಿನಕ್ಕೆ ಎರಡು ಸುತ್ತು ಹಾಕುತ್ತದೆ. ಅದರಿಂದ ಶಕ್ತಿ ತಗೊಂಡು ಇನ್ನೊಂದು ಚಕ್ರ ದಿನಕ್ಕೆ ಒಂದೇ ಸುತ್ತು ತಿರುಗುತ್ತದೆ. ಈ ಎರಡನೇ ಚಕ್ರಕ್ಕೆ ಒಂದು ಬೆರಳಿದೆ. ದಿನಕ್ಕೊಮ್ಮೆ ಆ ಬೆರಳು ಬಂದು ರಿಂಗಿನ ಒಂದು ಹಲ್ಲನ್ನು ತಳ್ಳುತ್ತದೆ. ಇಷ್ಟೇ ಯಂತ್ರ. ರಾತ್ರಿ ಹನ್ನೆರಡು ಅಂದರೇನು ಅಂತ ಇದರಲ್ಲಿ ಯಾರಿಗೂ ಗೊತ್ತಿಲ್ಲ.

ಕೀ ಎಳೆದು ಮೆಲ್ಲಗೆ ತಿರುಗಿಸಿದೆ. ಬೆರಳು ಹಲ್ಲಿಗೆ ತಾಗಿತು. ರಿಂಗ್ ತಕ್ಷಣ ಜಿಗಿಯಲಿಲ್ಲ, ಜರುಗತೊಡಗಿತು. ರಿಂಗ್ ಅಲುಗಾಡದಂತೆ ಹಿಡಿಯಲು ಒಂದು ಸ್ಪ್ರಿಂಗ್ ಇರುತ್ತದೆ, ಜಂಪರ್ ಅಂತೀವಿ. ಅದರ ಮೂಗು ಎರಡು ಹಲ್ಲುಗಳ ನಡುವೆ ಕೂತಿರುತ್ತದೆ. ರಿಂಗ್ ಜರುಗಿದಂತೆ ಒಂದು ಹಲ್ಲು ಆ ಮೂಗಿನ ಇಳಿಜಾರು ಹತ್ತುತ್ತದೆ. ಡಯಲ್ ಇದ್ದಿದ್ದರೆ ಆ ಹೊತ್ತಿಗೆ ಅದರ ಕಿಟಕಿಯಲ್ಲಿ 13ರ ಅರ್ಧ, 14ರ ಅರ್ಧ ಕಾಣುತ್ತಿತ್ತು. ಹಲ್ಲು ತುದಿ ದಾಟಿದ್ದೇ ತಡ, ಸ್ಪ್ರಿಂಗೇ ಅದನ್ನು ಆಚೆ ನೂಕುತ್ತದೆ. ಟಿಕ್. 14 ಬಂದು ಕೂತಿತು. ಮಾಸ್ತರರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. “ಮತ್ತೊಮ್ಮೆ ತೋರಸು,” ಅಂದರು.

ಈಗ ಲೆಕ್ಕ ನೋಡಿ. ಬೆರಳು 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ಡಯಲ್ ಮೇಲೆ ಒಂದು ನಿಮಿಷದ ಗೆರೆಯಿಂದ ಮುಂದಿನ ಗೆರೆಗೆ ಇರುವ ಜಾಗವೇ 6 ಡಿಗ್ರಿ. ಅದರ ಆರನೇ ಒಂದು ಪಾಲು ಆಚೀಚೆ ಆದರೆ ತಾರೀಖು 4 ನಿಮಿಷ ಮುಂದೆ ಇಲ್ಲವೇ ಹಿಂದೆ. ಹಲ್ಲು ಹಲ್ಲಿಗೆ ಕೂಡುವಲ್ಲಿ ಸ್ವಲ್ಪ ಪ್ಲೇ, ಅಂದರೆ ಸಡಿಲು, ಬೇಕೇ ಬೇಕು, ಇಲ್ಲದಿದ್ದರೆ ಚಕ್ರ ಬಿಗಿದು ನಿಲ್ಲುತ್ತದೆ. ಆ ಪ್ಲೇಯಲ್ಲೇ ಕೆಲವು ನಿಮಿಷ ಹೋಗುತ್ತವೆ.

ಆದರೆ 25 ನಿಮಿಷ ಪ್ಲೇಯಿಂದ ಬಂದದ್ದಲ್ಲ. ಗಂಟೆಯ ಮುಳ್ಳಿಗೆ ಯಾವ ಗುರುತೂ ಇರುವುದಿಲ್ಲ, ಒತ್ತಿದ ಜಾಗದಲ್ಲಿ ಕೂರುತ್ತದೆ. ಹಿಂದೆ ಯಾರೋ ಡಯಲ್ ಬಿಚ್ಚಿದವರು ತಾರೀಖು ಬೀಳುವ ಜಾಗ ನೋಡದೆ ಮುಳ್ಳು ಕೂರಿಸಿದ್ದರು. ಅದನ್ನು ನಾನು ಸರಿ ಮಾಡಬಹುದಿತ್ತು.

ಡಯಲ್ ಮತ್ತೆ ಹಾಕಿ, ಮುಳ್ಳಿಲ್ಲದೆ ಕೀ ತಿರುಗಿಸಿ, ಟಿಕ್ ಅಂದ ಕ್ಷಣ ನಿಲ್ಲಿಸಿದೆ. ಗಂಟೆಯ ಮುಳ್ಳು 12ಕ್ಕೆ ಅರ್ಧ ಒತ್ತಿದೆ. ನಿಮಿಷದ ಮುಳ್ಳೂ 12ಕ್ಕೆ. ಎರಡು ಸುತ್ತು ತಿರುಗಿಸಿ ನೋಡಿ, ಆಮೇಲೆ ಪೂರ್ತಿ ಒತ್ತಿದೆ. ಕೀ ತಿರುಗಿಸಿದಾಗ ಸರಿಯಾಗಿ 12ಕ್ಕೇ ತಾರೀಖು ಬಿತ್ತು. ಖುಷಿಯಾಯಿತು. ಆದರೂ ಒಂದು ರಾತ್ರಿ ನೋಡೋಣ ಅಂತ ವಾಚು ಮನೆಗೆ ತಂದೆ.

ಬಿದ್ದದ್ದು 12 ಗಂಟೆ 3 ನಿಮಿಷಕ್ಕೆ. ಮಾರನೇ ರಾತ್ರಿ 12 ಗಂಟೆ 1 ನಿಮಿಷಕ್ಕೆ. ಮೂರನೇ ರಾತ್ರಿ 4 ನಿಮಿಷಕ್ಕೆ.

ಕಾರಣ ಯೋಚಿಸಿ ಯೋಚಿಸಿ ಹೊಳೆಯಿತು. ಕೀ ತಿರುಗಿಸುವಾಗ ಬಲ ಕೀ ಕಡೆಯಿಂದ ಬಂದು ನಿಮಿಷದ ಮುಳ್ಳನ್ನು ತಳ್ಳುತ್ತದೆ. ವಾಚು ತಾನೇ ನಡೆಯುವಾಗ ನಿಮಿಷದ ಮುಳ್ಳಿನ ಕಡೆಯಿಂದ ಬಲ ಬಂದು ಉಳಿದ ಚಕ್ರಗಳನ್ನು ತಳ್ಳುತ್ತದೆ. ಹಲ್ಲು ತಾಗುವ ಬದಿಯೇ ಬೇರೆ. ಹಾಗಾಗಿ ನಡೆಯುವಾಗ ತಾರೀಖು ಒಂದೆರಡು ನಿಮಿಷ ತಡವಾಗಿಯೇ ಬೀಳುತ್ತದೆ. ಉಳಿದ ಏರುಪೇರು ರಿಂಗಿನದು: 31 ಹಲ್ಲುಗಳೂ ಕೂದಲೆಳೆಯಷ್ಟೂ ಬೇರೆಯಿಲ್ಲದಂತೆ ಇರುವುದಿಲ್ಲ. ಅಂದಿನಿಂದ ನಾನು ಮುಳ್ಳು ಕೂರಿಸುವಾಗ, ಕೀ ತಿರುಗಿಸಿದರೆ 12ಕ್ಕೆ ಎರಡು ನಿಮಿಷ ಮೊದಲೇ ತಾರೀಖು ಬೀಳುವಂತೆ ಇಡುತ್ತೇನೆ.

ಥಟ್ಟನೆ 12ಕ್ಕೇ ಬದಲಾಗುವ ವಾಚುಗಳೂ ಇವೆ. ಅವುಗಳಲ್ಲಿ ಒಂದು ಸ್ಪ್ರಿಂಗ್ ಗಂಟೆಗಟ್ಟಲೆ ಬಿಗಿಯುತ್ತಾ ಬಂದು ಒಮ್ಮೆಲೇ ಬಿಟ್ಟುಕೊಡುತ್ತದೆ. ರೋಲೆಕ್ಸ್ ಡೇಟ್‌ಜಸ್ಟ್ 1945ರಲ್ಲಿ ಬಂತು. ಅದರಲ್ಲೂ ಮೊದಮೊದಲು ತಾರೀಖು ನಿಧಾನಕ್ಕೇ ಜರುಗುತ್ತಿತ್ತು, ಥಟ್ಟನೆ ಜಿಗಿಯುವುದು 1950ರ ದಶಕದ ಮಧ್ಯದಲ್ಲಿ ಬಂತು. ಇಂಥದ್ದಕ್ಕೆ ಭಾಗಗಳು ಜಾಸ್ತಿ, ಖರ್ಚೂ ಜಾಸ್ತಿ. ನಮ್ಮ ಜನ ಕಟ್ಟುವ ವಾಚಿಗೆ ನಿಧಾನದ ದಾರಿಯೇ ಸರಿ ಅಂತ ನನಗನಿಸುತ್ತದೆ. ಭಾರ ಒಂದೇ ಸಲ ಬೀಳುವುದಿಲ್ಲ. ಸೀಕೋ 5ರಲ್ಲಿ ಮೊದಲು ತಾರೀಖು, ಅದಾದ ಮೇಲೆ ವಾರ ಬದಲಾಗುವುದನ್ನು ನೀವು ನೋಡಿರಬಹುದು. ಭಾರ ಹಂಚಿಕೊಂಡರೆ ವಾಚು ಸುಸ್ತಾಗುವುದಿಲ್ಲ. ಎಣ್ಣೆ ಒಣಗಿದ ವಾಚು ದಿನಾ ರಾತ್ರಿ ಹನ್ನೆರಡರ ಸುಮಾರಿಗೇ ನಿಲ್ಲುತ್ತಿದ್ದರೆ ನಾನು ಮೊದಲು ಡಯಲ್ ಕೆಳಗೆ ನೋಡುತ್ತೇನೆ.

ಒಂದು ಮಾತು ಮಾತ್ರ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಕೀಯಿಂದ ತಾರೀಖು ಬದಲಿಸಬೇಡಿ. ಆಗ ಬೆರಳು ಹಲ್ಲಿಗೆ ಸಿಕ್ಕಿರುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಮಲಗುವ ಮೊದಲು ಸುಮ್ನೆ ತಿರುಗಿಸಿದ. ಬೆರಳು ಪ್ಲಾಸ್ಟಿಕ್ಕಿನದು, ಬುಡಕ್ಕೇ ಮುರಿದಿತ್ತು. ಅದು ಅವನ ತಂದೆ ಕಟ್ಟುತ್ತಿದ್ದ ವಾಚು. ಅದೇ ಮಾದರಿಯ ಹಳೇ ಮಷೀನ್ ಹುಡುಕಿ ಬೆರಳು ಹಾಕಲು ಎರಡು ತಿಂಗಳು ಹಿಡಿಯಿತು.

ಮಾಸ್ತರರಿಗೆ ವಾಚು ಕೊಡುವಾಗ ಮೂರೂ ರಾತ್ರಿಯ ನಿಮಿಷ ಚೀಟಿಯಲ್ಲಿ ಬರೆದು ಕೊಟ್ಟೆ. ಜೇಬಿಗಿಟ್ಟುಕೊಂಡರು. ಜೂನ್‌ಗೆ 30 ದಿನ, ರಿಂಗಿಗೆ 31 ಹಲ್ಲು. ಜುಲೈ 1ರ ಬೆಳಿಗ್ಗೆ ಹತ್ತು ಗಂಟೆಗೆ ಮತ್ತೆ ಬಂದರು. “ರಾತ್ರಿ ಮುಟ್ಟಿಲ್ಲ ತಮ್ಮಾ,” ಅಂತ ವಾಚು ಚಾಚಿದರು. ಕಿಟಕಿಯಲ್ಲಿ 31 ಇತ್ತು.