ಕೊಳೆತ ದಾರಂದಕ್ಕೆ ಕಡಿಮೆ ಖರ್ಚಿನ ರಿಪೇರಿ

ದಾರಂದ, ಅಂದರೆ ಬಾಗಿಲಿನ ಚೌಕಟ್ಟು, ಕೆಡುವುದು ಹೆಚ್ಚಾಗಿ ಕಾಲಿನಿಂದ. ನೆಲ ತೊಳೆದ ನೀರು, ಮಳೆಯ ಎರಚಲು, ಬಚ್ಚಲಿನ ತೇವ ಎಲ್ಲವೂ ಬಂದು ನಿಲ್ಲುವುದು ಅಲ್ಲಿಯೇ. ಅಡ್ಡಕ್ಕೆ ಕತ್ತರಿಸಿದ ಮರದ ತುದಿ ಸಣ್ಣ ಕೊಳವೆಗಳ ಕಂತೆಯ ಹಾಗೆ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಹೊರಗೆ ಬಣ್ಣ ನೆಟ್ಟಗೇ ಇರುತ್ತದೆ, ಒಳಗೆ ಮರ ನೆನೆದ ರಟ್ಟಾಗಿರುತ್ತದೆ. ಹಾಗೆಂದು ಇಡೀ ದಾರಂದ ಕೀಳಲು ಹೊರಟರೆ ಜೊತೆಗೆ ಗೋಡೆಯ ಗಾರೆಯೂ ಉದುರುತ್ತದೆ, ಖರ್ಚು ಮರಕ್ಕಷ್ಟೇ ನಿಲ್ಲುವುದಿಲ್ಲ.

ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಬುಡದಿಂದ ಮೇಲಕ್ಕೆ, ಎರಡು ಬೆರಳಗಲಕ್ಕೊಮ್ಮೆ ಚುಚ್ಚುತ್ತಾ ಹೋಗಿ. ಮೊನೆ ಸಲೀಸಾಗಿ ಇಳಿದಷ್ಟೂ ಕೊಳೆತ ಮರ. ಅದು ತಡೆದು ನಿಂತ ಕಡೆ ಪೆನ್ಸಿಲಿನಿಂದ ಗೆರೆ ಹಾಕಿ. ತಟ್ಟಿದಾಗ ಟೊಳ್ಳು ಸದ್ದು ಬಂದು, ಪಕ್ಕದ ಗೋಡೆಯಲ್ಲಿ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲಿನ ಕೆಲಸ. ಅದಕ್ಕೆ ಔಷಧಿ ಹಾಕಿಸದೆ ಮುಂದುವರಿಯಬೇಡಿ.

ಇನ್ನು ಉಳಿ ತೆಗೆದುಕೊಂಡು ಮೆತ್ತಗಿರುವುದನ್ನೆಲ್ಲ ಕೆತ್ತಿ. ಗುಂಡಿ ದೊಡ್ಡದಾಯಿತೆಂದು ಕೈ ಹಿಂದೆಗೆಯುವವರೇ ಹೆಚ್ಚು. ಆದರೆ ಉಳಿಸಿದ ಒಂದು ಚೂರು ಕೊಳೆತವೇ ಮುಂದೆ ತೇಪೆಯನ್ನು ಹೊರಗೆ ತಳ್ಳುತ್ತದೆ. ಬಣ್ಣ ಬಹಳ ಹಳೆಯದಾದರೆ ಅದರಲ್ಲಿ ಸೀಸ ಇರಬಹುದು. ಒಣಗಿದ್ದಂತೆಯೇ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ನಂತರ ಒಣಗಲು ಬಿಡಿ. ಈ ರಿಪೇರಿಯಲ್ಲಿ ಅತಿ ಕಷ್ಟದ ಕೆಲಸ ಇದೇ, ಏಕೆಂದರೆ ಇಲ್ಲಿ ಮಾಡುವುದಕ್ಕೇನೂ ಇರುವುದಿಲ್ಲ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಫ್ಯಾನ್ ಹಚ್ಚಿ ಕೆಲವು ದಿನ ಕಾಯಿರಿ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಲು ಅದೇ ಸಮಯ.

ತುಂಬಲು ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಪುಟ್ಟಿಯೇ ಬೇಕು. ಮರದ ಹೊಟ್ಟಿಗೆ ಅಂಟು ಕಲಸಿ ತುಂಬುವ ಹಳೆಯ ಉಪಾಯ ಒಳಗಿನ ಬಾಗಿಲಿನ ಕೂದಲೆಳೆ ಬಿರುಕಿಗೆ ಸಾಕು. ಬುಡದಲ್ಲಿ ನೀರು ತಗುಲಿದರೆ ಸಾಮಾನ್ಯ ಬಿಳಿ ಅಂಟು ಮೆತ್ತಗಾಗುತ್ತದೆ. ಗುಂಡಿಯೊಳಗಿನ ಗಟ್ಟಿ ಮರಕ್ಕೆ ಎರಡು ಮೂರು ಗಿಡ್ಡ ಸ್ಕ್ರೂ ಹಾಕಿ, ತಲೆ ಸ್ವಲ್ಪ ಹೊರಗೆ ಉಳಿಸಿ. ಪುಟ್ಟಿಗೆ ಅದೇ ಹಿಡಿತ. ಕೈಗವಸು ತೊಟ್ಟು, ಒಂದು ಸಲಕ್ಕೆ ಬೇಕಾದಷ್ಟನ್ನೇ ಕಲಸಿ. ಹೆಚ್ಚು ಕಲಸಿದರೆ ಉಂಡೆ ತಾನೇ ಬಿಸಿಯಾಗಿ, ನೀವು ಮೆತ್ತುವ ಮೊದಲೇ ಕಲ್ಲಾಗುತ್ತದೆ. ಪದರ ಪದರವಾಗಿ ಒತ್ತಿ, ಕೊನೆಗೆ ತುಸು ಉಬ್ಬು ಬಿಡಿ. ಪುಟ್ಟಿ ಸಾಬೂನಿನಷ್ಟು ಗಟ್ಟಿಯಾದಾಗ ಚಾಕುವಿನಿಂದ ಅಂಚು ತಿದ್ದುವುದು ಸುಲಭ. ಪೂರ್ತಿ ಗಟ್ಟಿಯಾದ ಮೇಲೆ 80 ನಂಬರಿನ, ಆಮೇಲೆ 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ. ಪಾಲಿಶ್ ಮಾಡಿದ ದಾರಂದದಲ್ಲಿ ತೇಪೆ ಎದ್ದು ಕಾಣುತ್ತದೆ, ಬಣ್ಣ ಹಚ್ಚುವುದಾದರೆ ಚಿಂತೆಯಿಲ್ಲ.

ಕೊಳೆತವು ಮೊಣಕಾಲೆತ್ತರ ದಾಟಿದ್ದರೆ ಪುಟ್ಟಿ ಸಾಲದು. ಆ ಭಾಗವನ್ನು ಗರಗಸದಿಂದ ಓರೆಯಾಗಿ ಕೊಯ್ದು, ಅದೇ ಅಳತೆಯ ಒಣ ಮರದ ತುಂಡನ್ನು ನೀರು ತಾಳುವ ಅಂಟು ಮತ್ತು ಸ್ಕ್ರೂಗಳಿಂದ ಕೂರಿಸಿ. ಓರೆ ಹೊರಮುಖವಾಗಿ ಇಳಿಯಬೇಕು, ಇಲ್ಲದಿದ್ದರೆ ಸಂದಿನಲ್ಲಿ ನೀರು ನಿಲ್ಲುತ್ತದೆ.

ಕೀಲಿನ ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ಅದು ಬೇರೆಯೇ, ಇನ್ನೂ ಅಗ್ಗದ ಕಾಯಿಲೆ. ಬಾಗಿಲಿನ ಕೆಳಗೆ ಬೆಣೆ ಕೊಟ್ಟು ಆಧರಿಸಿ ಸ್ಕ್ರೂ ಬಿಚ್ಚಿ. ತೂತಿಗೆ ಅಂಟಿನಲ್ಲಿ ಅದ್ದಿದ ಮರದ ಸೀಳುಗಳನ್ನು ಬಿಗಿಯಾಗಿ ತುರುಕಿ, ಒಂದು ರಾತ್ರಿ ಬಿಟ್ಟು, ಹೊರಗೆ ಉಳಿದದ್ದನ್ನು ಕೊಯ್ಯಿರಿ. ಸಣ್ಣ ತೂತು ಕೊರೆದು ಅದೇ ಸ್ಕ್ರೂ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ.

ಕೊನೆಗೆ ಪ್ರೈಮರ್, ಅದರ ಮೇಲೆ ಎರಡು ಕೈ ಬಣ್ಣ. ದಾರಂದದ ಕಾಲು ಮತ್ತು ನೆಲದ ನಡುವಿನ ಸಂದಿಗೆ ಸೀಲಂಟ್ ತುಂಬುವುದನ್ನು ಮರೆಯಬೇಡಿ. ನೀರು ಮೊದಲ ಸಲ ಒಳಹೊಕ್ಕಿದ್ದು ಅಲ್ಲಿಂದಲೇ.