ಚೌಡಿಕಟ್ಟೆಯಲ್ಲಿ ಒಂದು ಚಮಚ ಎಣ್ಣೆ

ಮದುವೆಯಾಗಿ ಶಿರಸಿ ಕಡೆಯ ಈ ಮನೆಗೆ ಬಂದ ಮೊದಲ ವಾರವೇ ಅತ್ತೆ ನನ್ನನ್ನು ತೋಟದ ಕೆಳಮೂಲೆಗೆ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದರು. ಮೊಣಕಾಲೆತ್ತರ, ಮೂಗಿಲ್ಲ, ಕಣ್ಣಿಲ್ಲ, ಒಂದು ಮಗ್ಗುಲಿಗೆ ಹಸಿರು ಪಾಚಿ. "ಇದು ನಮ್ಮನೆ ಚೌಡಿ" ಅಂದರು, ತೋಟ ಕಾಯುವ ದೇವತೆ. ಆಮೇಲೆ ಕಲ್ಲಿನ ಕಡೆ ತಿರುಗಿ ನನ್ನ ಹೆಸರು, ತವರೂರು, ಅಪ್ಪಯ್ಯನ ಹೆಸರು ಎಲ್ಲ ಹೇಳಿದರು. ಮನೆಗೆ ಬಂದ ನೆಂಟರಿಗೆ ಸೊಸೆಯ ಪರಿಚಯ ಹೇಳುವ ಧಾಟಿ. ನಾನು ನಗು ತಡೆದುಕೊಂಡು ನಿಂತಿದ್ದೆ.

ನನ್ನ ತವರು ಕುಮಟೆ ಕಡೆ. ಅಲ್ಲಿ ದೇವರು ಸುಮ್ಮನೆ ಕೂರುವುದಿಲ್ಲ. ಊರದೇವಿಯ ಬಂಡಿಹಬ್ಬದಲ್ಲಿ ಪೂಜಾರಿಗಳಾದ ಗುನಗರು ಕಳಸ ಹೊತ್ತು ಬರುವಾಗ, ವಾದ್ಯದ ಸದ್ದಿಗೆ ಯಾರದೋ ಮೈಮೇಲೆ ಭಾರ ಬಂದಾಗ, ಅಪ್ಪಯ್ಯನ ಪಂಚೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದವಳು ನಾನು. ದೇವರು ಮಾತಾಡುತ್ತದೆ ಎಂದರೆ ಹಾಗೆ, ನಡುಗಿ, ಕೂಗಿ, ಊರಿಗೆಲ್ಲ ಕೇಳುವಂತೆ ಎಂದೇ ನನ್ನ ತಲೆಯಲ್ಲಿತ್ತು. ಮಾತಾಡದ ಈ ಕಲ್ಲಿನ ಹತ್ತಿರ ಏನು ಮಾಡಬೇಕು ಎನ್ನುವುದು ಗೊತ್ತಾಗಲಿಲ್ಲ.

ಅತ್ತೆ ಹೇಳಿಕೊಟ್ಟಿದ್ದು ಬಹಳ ಕಡಿಮೆ. ಮಂಗಳವಾರ, ಶುಕ್ರವಾರ ಕಪ್ಪಾಗುವ ಮೊದಲು ಹೋಗಬೇಕು. ಹಣತೆಗೆ ಒಂದು ಚಮಚ ಕೊಬ್ಬರಿ ಎಣ್ಣೆ, ಹೆಚ್ಚು ಬೇಡ. ಆ ಎಣ್ಣೆ ತೀರುವವರೆಗೆ ಕೂರಬೇಕು, ತೀರಿದ ಮೇಲೆ ಕೂರಬಾರದು. "ಒಂದು ಮಳೆಗಾಲ ಎಂತದೂ ಕೇಳಡ. ಅದ್ಕೆ ನಿನ್ನ ಗುರ್ತ ಆಗವು." ಗುರುತು ನನಗೆ ಅದರದ್ದು ಆಗುವುದಲ್ಲ, ಅದಕ್ಕೆ ನನ್ನದು ಆಗುವುದು. ಈ ಮಾತು ನನಗೆ ಅರ್ಥವಾಗಲಿಕ್ಕೆ ವರ್ಷಗಳೇ ಹಿಡಿದವು.

ಮೊದಲ ಮಳೆಗಾಲದ ಅನುಭವ ಬರೆಯಲಿಕ್ಕೆ ಏನೂ ಇಲ್ಲ. ಸೊಳ್ಳೆ, ರಕ್ತ ಹೀರುವ ಉಂಬಳ, ಗಾಳಿಗೆ ಆರುವ ದೀಪ, ಒದ್ದೆ ಬೆಂಕಿಪೊಟ್ಟಣ. ತಲೆಯಲ್ಲಿ ರಾತ್ರಿಯ ತಂಬುಳಿಗೆ ಯಾವ ಸೊಪ್ಪು ಎನ್ನುವ ಯೋಚನೆ. ಶ್ರಾವಣ ಕಳೆಯುವ ಹೊತ್ತಿಗೆ ಒಂದು ಮಾತ್ರ ಆಗಿತ್ತು: ಹೋಗದ ದಿನ ಏನೋ ಬಿಟ್ಟುಬಂದ ಹಾಗೆ ಅನ್ನಿಸತೊಡಗಿತ್ತು. ಯಾರೋ ಕಾಯುತ್ತಿದ್ದಾರೆ ಎನ್ನುವ ಹಾಗೆ. ಅದು ಅಭ್ಯಾಸವೇ ಇರಬಹುದು. ಇರಲಿ, ಶುರುವಾಗಿದ್ದು ಅಲ್ಲಿಂದಲೇ.

ಇನ್ನು ನನ್ನ ದೊಡ್ಡ ತಪ್ಪಿನ ಕಥೆ. 2003ರಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ವೆನಿಲ್ಲಾ. ಹಸಿ ಕೋಡಿಗೆ ಕಿಲೋಕ್ಕೆ ಸಾವಿರಗಟ್ಟಲೆ ರೂಪಾಯಿ. ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು, ರಾತ್ರಿ ತೋಟ ಕಾಯುತ್ತಿದ್ದರು. ಸಾಲ ಮಾಡಿ ಬಳ್ಳಿ ಹಾಕೋಣ ಎಂದು ನನಗೆ ಆಸೆ. ಮನೆಯವರಿಗೆ ಅನುಮಾನ. "ಚೌಡಿ ಹತ್ರ ಪ್ರಸಾದ ಕೇಳ್ತೇನೆ" ಅಂದೆ.

ಪ್ರಸಾದ ಕೇಳುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಕೇಪಳದ ಹೂವಿನ ಎಸಳನ್ನು ನೀರಲ್ಲಿ ಅದ್ದಿ ಕಲ್ಲಿನ ಎಡಕ್ಕೂ ಬಲಕ್ಕೂ ಅಂಟಿಸುವುದು, ಮನಸ್ಸಿನಲ್ಲಿ ಕೇಳಿಕೊಂಡು ಕಾಯುವುದು. ಬಲದ್ದು ಮೊದಲು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ಅವತ್ತು ಎಡದ್ದು ಬಿತ್ತು. ಗಾಳಿ ಇತ್ತು ಎಂದುಕೊಂಡು ಮತ್ತೆ ಅಂಟಿಸಿದೆ. ಮತ್ತೆ ಎಡ. ಮೂರನೇ ಸಲ ಎಡದ ಎಸಳನ್ನು ಹೆಬ್ಬೆರಳಿನಿಂದ ಸ್ವಲ್ಪ ಗಟ್ಟಿಯಾಗಿಯೇ ಒತ್ತಿದೆ. ಯಾರೂ ನೋಡುತ್ತಿರಲಿಲ್ಲ. ಬಲದ್ದು ಬಿತ್ತು. ಮನೆಗೆ ಬಂದು "ಬಲ ಕೊಟ್ಟಿತು" ಅಂದೆ.

ವೆನಿಲ್ಲಾ ಬಳ್ಳಿ ಹೂ ಬಿಡಲಿಕ್ಕೆ ಮೂರು ವರ್ಷ ಬೇಕು. ಹೂ ಅರಳುವುದು ಒಂದೇ ಬೆಳಿಗ್ಗೆ. ಅಷ್ಟರೊಳಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಬೇಕು. ಅಷ್ಟೆಲ್ಲ ಮಾಡಿ ಕೋಡು ಕೈಗೆ ಬರುವ ಹೊತ್ತಿಗೆ ದರ ನೆಲ ಕಚ್ಚಿತ್ತು, ಕೇಳುವವರೇ ಇರಲಿಲ್ಲ. ಸಾಲ ತೀರಿಸಲಿಕ್ಕೆ ಎರಡು ವರ್ಷದ ಚಾಲಿ ಅಡಿಕೆ ಹೋಯಿತು. ಅತ್ತೆಯ ಹತ್ತಿರ ಅತ್ತು ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. "ಮೂರನೇ ಸಲದ್ದು ಪ್ರಸಾದ ಅಲ್ದೇ ಕೂಸೇ, ನಿನ್ನ ಕಾಟಕ್ಕೆ ಕೊಟ್ಟಿದ್ದು" ಎಂದು ಎದ್ದು ಕರುವಿಗೆ ಹುಲ್ಲು ಹಾಕಲು ಹೋದರು.

ಅವತ್ತಿನಿಂದ ನಾನು ಪ್ರಸಾದ ಕೇಳುವುದನ್ನು ಬಿಟ್ಟೆ. ಹೂವಿನ ತಪ್ಪಲ್ಲ, ನನ್ನ ಹೆಬ್ಬೆರಳಿನ ಮೇಲೆ ನಂಬಿಕೆ ಇಲ್ಲ. ಬದಲಿಗೆ ಒಂದು ಪಟ್ಟಿ ಇಟ್ಟೆ, ಮಗನ ಶಾಲೆಯ ಉಳಿದ ಹಾಳೆಗಳನ್ನು ಹೊಲಿದದ್ದು. ತಾರೀಖು, ಕೇಳಿದ ಮಾತು, ದೀಪ ಆರುವುದರೊಳಗೆ ಏನು ಬಂತು ಎನ್ನುವುದು ಅವತ್ತೇ ರಾತ್ರಿ ಬರೆಯುವುದು. ಪಕ್ಕದ ಅಂಕಣ ಖಾಲಿ. ಅದನ್ನು ತುಂಬುವುದು ಆರು ತಿಂಗಳ ಮೇಲೆ, ನಿಜಕ್ಕೂ ಏನಾಯಿತು ಎಂದು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಬರೆಯದೇ ಇದ್ದರೆ ಸರಿಯಾದದ್ದು ಮಾತ್ರ ನೆನಪಿರುತ್ತದೆ, "ಚೌಡಿ ಅವತ್ತೇ ಹೇಳಿತ್ತು" ಎಂದು ಹೇಳಿಕೊಂಡು ತಿರುಗುತ್ತೇವೆ.

ಬರುವುದು ಹೇಗೆ ಎಂದು ಕೇಳುವವರಿದ್ದಾರೆ. ಕಿವಿಗೆ ದನಿ ಕೇಳುವುದಿಲ್ಲ, ಕಣ್ಣಿಗೆ ರೂಪ ಕಾಣುವುದಿಲ್ಲ. ಹೆಚ್ಚಿನ ದಿನ ಏನೂ ಇಲ್ಲ. ಯಾವಾಗಲೋ ಒಮ್ಮೆ ಒಂದು ಮಾತು ಬಂದು ಬೀಳುತ್ತದೆ, ಹಣ್ಣಡಿಕೆ ಬಿದ್ದ ಹಾಗೆ. ನಾನು ಯೋಚಿಸುತ್ತಿದ್ದ ದಿಕ್ಕಿನಿಂದ ಬಂದದ್ದಲ್ಲ ಎನ್ನುವುದು ಗೊತ್ತಾಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಪಕ್ಕದ ತೋಟದ ದಾಯಾದಿ ಭಾವನ ಜೊತೆ ಗಡಿಯ ವಿಷಯಕ್ಕೆ ಮಾತು ನಿಂತು ಮೂರು ವರ್ಷವಾಗಿತ್ತು. ಕೋರ್ಟಿಗೆ ಹೋಗುವುದೋ ಬಿಡುವುದೋ ಎಂದು ಕೇಳಿಕೊಂಡು ಕೂತಿದ್ದೆ. ಬಂದ ಮಾತು: "ಕಾದಿಗೆ ತೆಗೆಸು." ಅಷ್ಟೇ. ಕಾದಿಗೆ ಎಂದರೆ ತೋಟದ ನೀರು ಬಸಿದು ಹೋಗುವ ಕಾಲುವೆ. ನನಗೆ ಸಿಟ್ಟೇ ಬಂತು. ಕೇಳಿದ್ದೇನು, ಹೇಳುವುದೇನು! ಪಟ್ಟಿಯಲ್ಲಿ ಬರೆದು ಸುಮ್ಮನಾದೆ. ಆದರೂ ಮಳೆಗಾಲಕ್ಕೆ ಮೊದಲು ಹೇಗೂ ಮಾಡುವ ಕೆಲಸವೇ ಅಲ್ಲವೇ ಎಂದು ಗಡಿಯ ಕಾದಿಗೆಯ ಹೂಳು ತೆಗೆಸಿದೆ. ನಮ್ಮ ಬದಿಯ ಹೂಳಿನಿಂದ ನೀರು ನಿಂತು ಅವರ ಒಂದು ಸಾಲು ಮರ ಕೊಳೆಯುತ್ತಿತ್ತು ಎನ್ನುವುದು ಆಗ ಕಂಡಿತು. ನೀರು ಹರಿದ ಮೂರನೇ ದಿನಕ್ಕೆ ಭಾವನೇ ಬಂದು ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿದರು. ಗಡಿಯ ಮಾತು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ, ಆದರೆ ಮಾತು ಇದೆ.

ಅದು ಚೌಡಿಯೋ, ನನ್ನದೇ ಮನಸ್ಸಿನ ಯಾವುದೋ ಮೂಲೆಯೋ? ದಿನವೂ ಆ ಕಾದಿಗೆ ದಾಟಿಯೇ ಹೋಗುವ ನನ್ನ ಕಣ್ಣು ಹೂಳನ್ನು ನೋಡಿಟ್ಟಿರಲೂಬಹುದು. ನಾನು ಜಗಳಕ್ಕೆ ಹೋಗುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಪಟ್ಟಿ ತಿರುವಿಹಾಕಿದಾಗೆಲ್ಲ ಕಾಣುತ್ತದೆ. ನನ್ನ ಭಯ ಮಾತಾಡುವಾಗ ಅವಸರ ಮಾಡುತ್ತದೆ, ಒಂದೇ ಮಾತನ್ನು ಹತ್ತು ಸಲ ಹೇಳುತ್ತದೆ, ಕಾರಣಗಳ ಮೇಲೆ ಕಾರಣ ಕೊಡುತ್ತದೆ. ನನ್ನ ಆಸೆಯಾದರೆ ಮುದ್ದು ಮಾಡುತ್ತದೆ, ವೆನಿಲ್ಲಾದ ವರ್ಷ ಮಾಡಿದ ಹಾಗೆ. ಈ ಮಾತು ಒಂದೇ ಸಲ ಹೇಳಿ ಸುಮ್ಮನಾಗುತ್ತದೆ. ಹೆಚ್ಚಿನ ಸಲ "ಬೇಡ" ಅಥವಾ "ತಡಿ".

ಬೆಂಗಳೂರಿನಲ್ಲಿರುವ ತಂಗಿಯ ಮಗಳಿಗೆ ಇದನ್ನು ಹೇಳಿದಾಗ ಅವಳು ಕಣ್ಣರಳಿಸಿದಳು. ಗ್ರೀಸಿನ ಸಾಕ್ರಟೀಸನಿಗೂ ಚಿಕ್ಕಂದಿನಿಂದ ಇಂಥದ್ದೊಂದು ದನಿ ಇತ್ತಂತೆ, ಅದು ಅವನನ್ನು ತಡೆಯುತ್ತಿತ್ತೇ ಹೊರತು ಹೀಗೆ ಮಾಡು ಎಂದು ಎಂದೂ ಹೇಳುತ್ತಿರಲಿಲ್ಲವಂತೆ. ಅವಳು ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು 'ಸ್ಪಿರಿಟ್ ಗೈಡ್' ಕ್ಲಾಸು ಸೇರಿದ್ದಳು. ಕಣ್ಣು ಮುಚ್ಚಿ, ಒಂದು ಬಾಗಿಲು ಕಲ್ಪಿಸಿಕೊಂಡು, ಆಚೆ ನಿಂತವರ ಹೆಸರು ಕೇಳಬೇಕಂತೆ. ಪ್ರತಿ ಸಲ ಬೇರೆ ಬೇರೆಯವರು ಬರುತ್ತಾರೆ ದೊಡ್ಡಮ್ಮ, ಒಮ್ಮೆ ಬಿಳಿಗಡ್ಡದ ಮುದುಕ, ಒಮ್ಮೆ ತೋಳ ಅಂದಳು. ಬೆಂಗಳೂರಿನ ನಾಲ್ಕನೇ ಮಹಡಿಗೆ ತೋಳ ಯಾಕೆ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಅವಳ ಕ್ಲಾಸಿಗೂ ನನ್ನ ಕಟ್ಟೆಗೂ ಇರುವ ದೊಡ್ಡ ಅಂತರ ಇದು: ಅವರ ಗೈಡು ಅವರೊಬ್ಬರಿಗೇ ಸೇರಿದ್ದು, ಹೋದಲ್ಲೆಲ್ಲ ಜೊತೆಗೆ ಬರುತ್ತದೆ. ಚೌಡಿ ಜಾಗಕ್ಕೆ ಸೇರಿದವಳು. ಈ ನೀರು, ಈ ಬೆಟ್ಟ, ಇಲ್ಲಿ ದುಡಿಯುವವರೆಲ್ಲರಿಗೂ ಸೇರಿದವಳು. ನಾವು ಕಾಯಿ ಒಡೆದು ಬರುತ್ತೇವೆ. ತಲೆಮಾರಿನಿಂದ ನಮ್ಮ ತೋಟದ ಕೆಲಸಕ್ಕೆ ಬರುವ ಮನೆಯವರು ವರ್ಷಕ್ಕೊಮ್ಮೆ ಅದೇ ಕಲ್ಲಿಗೆ ಕೋಳಿ ಕೊಡುತ್ತಾರೆ. ಅವತ್ತು ನಾವು ಆ ಕಡೆ ಹೋಗುವುದಿಲ್ಲ, ಕೇಳುವುದೂ ಇಲ್ಲ. ಹೊಸದರಲ್ಲಿ ನನಗೆ ಇದು ಕಸಿವಿಸಿ. ನಾನು ದೀಪ ಇಡುವವಳು ಮರುದಿನ ರಕ್ತದ ಕಲೆ ನೋಡಬೇಕೇ? ಕಾರವಾರದಲ್ಲಿ ಅಣ್ಣ ಕೆಲಸಕ್ಕಿದ್ದಾಗ ಖಾಪ್ರಿ ದೇವರ ಗುಡಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಭಕ್ತರು ಸಿಗರೇಟು ಹಚ್ಚಿ ಇಡುತ್ತಿದ್ದರು, ಸಾರಾಯಿ, ಮೇಣದಬತ್ತಿ ಒಪ್ಪಿಸುತ್ತಿದ್ದರು, ಎಲ್ಲ ಜಾತಿಯವರೂ ಇದ್ದರು. ಯಾರಿಗೂ ಅದು ವಿಚಿತ್ರವಾಗಿರಲಿಲ್ಲ. ಅವನಿಗೆ ಏನು ಇಷ್ಟವೋ ಅದು. ಆಮೇಲೆ ನನ್ನ ಕಸಿವಿಸಿ ಕಡಿಮೆಯಾಯಿತು. ನನ್ನ ಜೊತೆ ಚೌಡಿಗಿರುವುದು ಒಂದು ಚಮಚ ಎಣ್ಣೆಯ ಲೆಕ್ಕ, ಬೇರೆಯವರ ಲೆಕ್ಕ ನಾನು ಬರೆಯುವುದಿಲ್ಲ.

ಕೇಳಬಾರದ ಪ್ರಶ್ನೆಗಳೂ ಇವೆ, ಅದನ್ನೂ ಪಟ್ಟಿಯೇ ಕಲಿಸಿದ್ದು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಸುವುದೋ ಬೇಡವೋ ಎಂದು ಕೇಳಿದ ವರ್ಷವೆಲ್ಲ ಉತ್ತರ ಖಾಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನಲವತ್ತು–ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಇದಕ್ಕೆ ಚೌಡಿ ಯಾಕೆ, ಆಕಾಶ ನೋಡಿ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಫೋನು ಮಾಡಿದರಾಯಿತು. ಜ್ವರವೂ ಹಾಗೆಯೇ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡದ್ದು, ನಮ್ಮ ಪಕ್ಕದ ಸಿದ್ದಾಪುರ ತಾಲೂಕಿನಲ್ಲೂ ಜೀವ ತೆಗೆದಿದೆ. ಅದನ್ನು ಹರಡುವುದು ಉಣುಗು. ಬೇಸಗೆಯಲ್ಲಿ ಕಟ್ಟೆಗೆ ಹೋಗುವಾಗ, ಉಣುಗು ಕಚ್ಚದಿರಲೆಂದು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಹೋಗುತ್ತೇನೆ. ಹಣತೆಗೆ ಒಂದು ಎಣ್ಣೆ, ಕಾಲಿಗೆ ಒಂದು. ಉಣುಗು ಭಕ್ತರನ್ನು ಗುರುತಿಸುವುದಿಲ್ಲ. ಹಾಗೆಯೇ, ನೋಟ ನೋಡುವ ಒಬ್ಬರು ನಿಮ್ಮ ಚೌಡಿ ಮುನಿದಿದ್ದಾಳೆ, ಇಂತಿಷ್ಟು ಸಾವಿರ ಕೊಟ್ಟರೆ ಕಟ್ಟಿಹಾಕುತ್ತೇನೆ ಅಂದರು. ಮುನಿದಿದ್ದರೆ ವಾರಕ್ಕೆ ಎರಡು ಸಲ ಎದುರಿಗೆ ಕೂರುವ ನನಗೆ ಹೇಳುವುದಿಲ್ಲವೇ? ಕಾಫಿ ಕೊಟ್ಟು ಕಳಿಸಿದೆ.

ಒಮ್ಮೆ ಮಾತ್ರ ಹೆದರಿದ್ದೆ. ಅತ್ತೆ ತೀರಿಕೊಂಡ ಮೇಲೆ ಕಟ್ಟೆಯಲ್ಲಿ ಮಾತ್ರ ಅಲ್ಲ, ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ ಎಲ್ಲೆಲ್ಲೂ ಅವರ ದನಿ. ಅದು ಮಾಡು, ಇದು ಮಾಡು, ಮಲಗಬೇಡ. ಇದು ಒಂದೇ ಸಲ ಹೇಳಿ ಸುಮ್ಮನಾಗುವ ಮಾತಾಗಿರಲಿಲ್ಲ. ನಿದ್ದೆಯಿಲ್ಲದೆ ತಿಂಗಳಾದಾಗ ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮಾತ್ರೆ ತಗೊಂಡೆ, ನಿದ್ದೆ ಬಂತು, ದನಿ ಹೋಯಿತು. ಕಟ್ಟೆಗೆ ಹೋಗುವುದನ್ನು ಆ ಮೂರು ತಿಂಗಳು ನಿಲ್ಲಿಸಿದ್ದೆ. ಮತ್ತೆ ಹೋದಾಗ ಕಲ್ಲು ಇದ್ದ ಹಾಗೇ ಇತ್ತು.

ತಂಗಿಯ ಮಗಳು ನಾನೇನು ಮಾಡಲಿ, ನನ್ನ ಫ್ಲ್ಯಾಟಿನಲ್ಲಿ ಚೌಡಿ ಇಲ್ಲವಲ್ಲ ಎಂದು ಕೇಳಿದಳು. ಗುರುತಿಲ್ಲದ ಮುದುಕನ ಬದಲು ಗುರುತಿದ್ದವರನ್ನೇ ನೆನೆ ಅಂದೆ. ಯಲ್ಲಾಪುರ ಕಡೆಯ ಸಿದ್ದಿಯರು ಮನೆಯೊಳಗೇ ಹಿರಿಯರನ್ನು ಪೂಜಿಸುತ್ತಾರೆ. ನಿನಗೂ ಒಬ್ಬ ಅಮ್ಮಮ್ಮ ಇದ್ದಳಲ್ಲ, ಅವಳಿಗೆ ಇಷ್ಟವಾದದ್ದೇನು ಎಂದು ನೆನಪು ಮಾಡಿಕೋ. ಒಂದೇ ಜಾಗ, ಒಂದೇ ಹೊತ್ತು, ಮೊದಲು ಏನೂ ಕೇಳಬೇಡ.

ಕಳೆದ ಆಷಾಢದಲ್ಲಿ ರಜೆ ಹಾಕಿ ಬಂದಿದ್ದಳು. ಶುಕ್ರವಾರ ಸಂಜೆ ನನ್ನ ಪಕ್ಕ ಕಂಬಳಿಕೊಪ್ಪೆ ಹಾಕಿಕೊಂಡು ಕಟ್ಟೆಯಲ್ಲಿ ಕೂತಳು. ಜಡಿಮಳೆ. ಹಣತೆಗೆ ಕೊಡೆ ಹಿಡಿದಿದ್ದೆ. ಎಣ್ಣೆ ತೀರಿ ಬತ್ತಿ ಕಪ್ಪಾದ ಕೂಡಲೇ ಪಿಸುದನಿಯಲ್ಲಿ ಕೇಳಿದಳು, "ದೊಡ್ಡಮ್ಮ, ನಿಂಗೆ ಏನಾದ್ರೂ ಬಂತಾ?"

"ಬಂತು."

"ಏನಂತೆ?"

"ಕೂಸಿನ ಕಾಲು ನೋಡು ಅಂತ."

ಟಾರ್ಚು ಹಾಕಿದಳು. ಎಡಗಾಲಿನ ಹಿಮ್ಮಡಿ ಮೇಲೆ ಎರಡು ಉಂಬಳ, ಹೆಬ್ಬೆರಳಿನ ಸಂದಿಯಲ್ಲಿ ಒಂದು, ಮೂರೂ ತುಂಬಿಕೊಂಡು ಗುಂಡಗಾಗಿದ್ದವು. ಅವಳ ಕೂಗಿಗೆ ಮನೆಯಂಗಳದಿಂದ ನಾಯಿ ಬೊಗಳಿತು. ಕವಳದ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿದೆ. ರಾತ್ರಿ ಪಟ್ಟಿಯಲ್ಲಿ ಅದನ್ನೂ ಬರೆದೆ, ಪಕ್ಕದ ಅಂಕಣವನ್ನೂ ಅವತ್ತೇ ತುಂಬಿದೆ: ಮೂರು.